ನಾಲ್ಕು ಗುಂಟೆ ಹೊಂಡಕ್ಕೆ ಐದು ಸಾವಿರ ಮರಿ: ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನಲ್ಲಿ ನಮ್ಮ ಹೊಲ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಇದೆ, ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಮಳೆ ನೀರಿನ ಜೊತೆಗೆ ಎರಡು ಇಂಚಿನ ಬೋರ್ ಇದೆ, ನೀರು ಸ್ವಲ್ಪ ಸವಳು. ಮೀನು ಮರಿ ಮಾರುವವರೊಬ್ಬರು ಬಂದಿದ್ದರು. ಎರಡೂವರೆ ಸಾವಿರ ತಿಲಾಪಿಯಾ, ಎರಡೂವರೆ ಸಾವಿರ ಹೈಬ್ರಿಡ್ ಮಾಗುರ್ ಕೂಡಿಸಿ ಬಿಡಿ, ಕೋಳಿ ಅಂಗಡಿಯ ಕರುಳು ತಂದು ಹಾಕಿದರೆ ಸಾಕು, ಆರು ತಿಂಗಳಿಗೆ ಒಂದು ಟನ್ ಮೀನು ಅಂದರು. ಹಾಕಬಹುದೇ? ಲಾಭ ಎಷ್ಟು ಬರಬಹುದು?

ಉತ್ತರ: ಮಾಗುರ್ ಮರಿಯನ್ನು ತೆಗೆದುಕೊಳ್ಳಲೇ ಬೇಡಿ. ತಿಲಾಪಿಯಾ ಹಾಕಬಹುದು. ಆದರೆ ಎರಡೂವರೆ ಸಾವಿರ ಅಲ್ಲ, ಮೊದಲ ವರ್ಷ ಐನೂರು.

ಮೊದಲು ಮಾಗುರ್ ವಿಷಯ ಮುಗಿಸೋಣ. ‘ಹೈಬ್ರಿಡ್ ಮಾಗುರ್’, ‘ಥಾಯ್ ಮಾಗುರ್’, ‘ಬಾಂಬೆ ಮಾಗುರ್’ ಅಂತ ನೂರೆಂಟು ಹೆಸರಿನಲ್ಲಿ ಮಾರುವುದು ಬಹುಪಾಲು ಒಂದೇ ಮೀನು: ಆಫ್ರಿಕನ್ ಕ್ಯಾಟ್‌ಫಿಶ್, ಕ್ಲಾರಿಯಸ್ ಗ್ಯಾರಿಪೈನಸ್. ಇದನ್ನು ಸಾಕುವುದು, ಮರಿ ಮಾಡುವುದು, ಮಾರುವುದು ದೇಶದಲ್ಲಿ ನಿಷಿದ್ಧ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೊಮ್ಮೆ ಕಟ್ಟುನಿಟ್ಟು ಮಾಡಿದ ಮೇಲೆ ಮೀನುಗಾರಿಕೆ ಇಲಾಖೆಯವರು ಹೊಂಡಕ್ಕೇ ಬಂದು ಮೀನನ್ನು ನಾಶ ಮಾಡಿಸುತ್ತಾರೆ. ಸಾಕಿದವರಿಗೆ ಮರಿಯ ದುಡ್ಡೂ ಇಲ್ಲ, ಮೇವಿನ ದುಡ್ಡೂ ಇಲ್ಲ. ನಿಷೇಧಕ್ಕೆ ಗಟ್ಟಿ ಕಾರಣವಿದೆ. ಈ ಮೀನು ಗಾಳಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಮುಂದಿನ ನೀರು ಹುಡುಕುತ್ತದೆ, ಬಾಯಿಗೆ ಹಿಡಿಸುವ ಯಾವ ಜೀವವನ್ನೂ ಬಿಡುವುದಿಲ್ಲ. ಸವಣೂರಿನ ಹಳ್ಳದ ನೀರು ಕೊನೆಗೆ ಸೇರುವುದು ವರದಾ ನದಿಯನ್ನು, ಅಲ್ಲಿಂದ ತುಂಗಭದ್ರೆಯನ್ನು. ಒಂದು ಜೋರು ಮಳೆಯಲ್ಲಿ ನಿಮ್ಮ ಹೊಂಡ ಕೋಡಿ ಬಿದ್ದರೆ ಆಮೇಲೆ ಅದನ್ನು ಹಿಡಿದು ತರಲು ಆಗದು.

ನಮ್ಮ ನಾಡಿನ ಮಾಗುರ್ ಬೇರೆಯೇ ಮೀನು. ನಮ್ಮಲ್ಲಿ ಮುರುಗೋಡು ಅನ್ನುವುದು ಅದನ್ನೇ. ಅದಕ್ಕೆ ನಿಷೇಧವಿಲ್ಲ. ಬೆರಳುದ್ದದ ಮರಿಯಲ್ಲಿ ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ದೊಡ್ಡದಾದ ಮೇಲೆ ಆಫ್ರಿಕನ್ ಮೀನಿನ ಮೈಮೇಲೆ ಬೂದು-ಹಸಿರು ಮಚ್ಚೆ ಮಚ್ಚೆಯಾಗಿರುತ್ತದೆ, ತಲೆಯ ಕೆಳಭಾಗದಲ್ಲಿ ಉದ್ದಕ್ಕೆ ಎರಡು ಕಪ್ಪು ಪಟ್ಟಿ ಕಾಣುತ್ತವೆ. ಆದರೆ ಎಲ್ಲಕ್ಕಿಂತ ಸುಲಭದ ಗುರುತು ಮಾರುವವರ ಬಾಯಲ್ಲೇ ಇದೆ: ಆರು ತಿಂಗಳಿಗೆ ಕೆ.ಜಿ. ತೂಗುತ್ತದೆ ಅಂದರೆ ಅದು ದೇಶಿ ಅಲ್ಲ. ದೇಶಿ ಮುರುಗೋಡು ಎಂಟು-ಹತ್ತು ತಿಂಗಳಿಗೆ 100ರಿಂದ 150 ಗ್ರಾಂ ಬಂದರೆ ಚೆನ್ನಾಗಿ ಬೆಳೆಯಿತು ಅಂತ ಲೆಕ್ಕ. ಇನ್ನೊಂದು ಮಾತು. ಆ ಮೀನು ಉಸಿರಿಗಾಗಿ ಪದೇ ಪದೇ ಮೇಲಕ್ಕೆ ಬರಬೇಕು, ಅದಕ್ಕೆ ಮೂರು-ನಾಲ್ಕು ಅಡಿ ನೀರೇ ಸರಿ. ಹತ್ತಡಿ ಆಳದ ನಿಮ್ಮ ಹೊಂಡದಲ್ಲಿ ತಿಂದದ್ದರಲ್ಲಿ ಎಷ್ಟೋ ಪಾಲು ಏರಿ ಇಳಿಯುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ದೇಶಿ ಮಾಗುರ್ ಕೂಡ ನಿಮಗೆ ಹೊಂದುವುದಿಲ್ಲ.

ಕ್ಯಾಟ್‌ಫಿಶ್ ಜಾತಿಯಲ್ಲೇ ಬೇಕು ಅಂದರೆ ಉಳಿಯುವುದು ಪಂಗಾಸಿಯಸ್. ಇಲಾಖೆಯಲ್ಲಿ ಕೇಳಿ, ಅನುಮತಿಯೊಂದಿಗೆ ಸಾಕಬಹುದು. ಆದರೆ ಅದು ಬಿಸಿ ನೀರಿನ ಮೀನು. 26ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ತಿನ್ನುತ್ತದೆ, 20ಕ್ಕಿಂತ ಇಳಿದರೆ ಮೇವು ಬಿಡುತ್ತದೆ, ಮೈಮೇಲೆ ಕೆಂಪು ಕಲೆ, ಬಿಳಿ ಚುಕ್ಕೆ ರೋಗ ಶುರುವಾಗುತ್ತವೆ. ಧಾರವಾಡ-ಹಾವೇರಿ ಕಡೆ ಡಿಸೆಂಬರ್-ಜನವರಿಯ ಬೆಳಗಿನ ನೀರು ಆ ಗಡಿಗೇ ಬಂದು ನಿಲ್ಲುತ್ತದೆ. ಮುಕ್ಕಾಲು ಕೆ.ಜಿ.ಯಿಂದ ಒಂದು ಕೆ.ಜಿ. ಬರಲು ಎಂಟು-ಹತ್ತು ತಿಂಗಳು ಬೇಕು. ಮಾರ್ಚ್‌ನಲ್ಲಿ ಬಿಟ್ಟು ನವೆಂಬರ್‌ನಲ್ಲಿ ತೆಗೆಯುವವರಿಗೆ, ಅಂದರೆ ಏಪ್ರಿಲ್-ಮೇ ಬಿಸಿಲಿನಲ್ಲೂ ಐದಡಿ ನೀರು ಉಳಿಸಿಕೊಳ್ಳಬಲ್ಲವರಿಗೆ ಅದು ಸರಿ. ಮಳೆಯನ್ನೇ ನಂಬಿದ ಹೊಂಡಕ್ಕೆ ಅದರ ತಿಂಗಳ ಲೆಕ್ಕ ಕೂಡುವುದಿಲ್ಲ.

ಈಗ ತಿಲಾಪಿಯಾ, ನಮ್ಮ ಮಾರುಕಟ್ಟೆಯ ಜಿಲೇಬಿ ಮೀನು. ಇದಕ್ಕೂ ಷರತ್ತುಗಳಿವೆ. 1952ರಲ್ಲಿ ಮೊದಲು ದೇಶಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾ ಕೆರೆಗಳಲ್ಲಿ ಮಿತಿಮೀರಿ ಮರಿ ಹಾಕಿ, ಅಂಗೈ ಅಗಲಕ್ಕೂ ಬೆಳೆಯದ ಮೀನಿನಿಂದಲೇ ನೀರು ತುಂಬಿಸಿತು. ಕೆರೆಗೆ ಜಿಲೇಬಿ ಬಿತ್ತು ಅಂದರೆ ಮೀನುಗಾರರು ಇವತ್ತಿಗೂ ತಲೆ ಮೇಲೆ ಕೈ ಹೊತ್ತುಕೊಳ್ಳುವುದು ಅದಕ್ಕೇ. ಈಗ ಅನುಮತಿ ಇರುವುದು ಗಿಫ್ಟ್ ತಳಿಗೆ, ಅಂದರೆ ಫಿಲಿಪ್ಪೀನ್ಸ್‌ನಲ್ಲಿ 1988ರಿಂದ ಆಯ್ದು ಬೆಳೆಸಿದ ನೈಲ್ ತಿಲಾಪಿಯಾಕ್ಕೆ, ಅದೂ ಎಲ್ಲವೂ ಗಂಡೇ ಇರುವ ಮರಿಗೆ. ಅನುಮತಿಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಹೊಂಡದಿಂದ ಮೀನು ಹೊರಹೋಗದ ಹಾಗೆ ಜಾಲರಿ, ಹಕ್ಕಿ ತಡೆಯುವ ಬಲೆ, ನೆರೆ ಬಾರದ ಜಾಗ, ಇವನ್ನು ನೋಡುತ್ತಾರೆ. ಅನುಮತಿ ಕೈಗೆ ಬಂದ ಮೇಲೆ ನೋಂದಾಯಿತ ಮರಿ ಕೇಂದ್ರದಿಂದ ಬಿಲ್ ಸಮೇತ ಮರಿ ತನ್ನಿ. ಗಾಡಿ ಮೇಲೆ ಮರಿ ತಂದು ಹಳ್ಳಿ ಹಳ್ಳಿ ಮಾರುವವರ ಹತ್ತಿರ ಬಿಲ್ ಇರುವುದಿಲ್ಲ. ಬಿಲ್ ಇಲ್ಲದ ಮರಿಯಲ್ಲಿ ಹೆಣ್ಣು ಎಷ್ಟು ಅನ್ನುವುದಕ್ಕೆ ಹೊಣೆ ಯಾರೂ ಇಲ್ಲ.

ಎಲ್ಲವೂ ಗಂಡೇ ಯಾಕೆ ಬೇಕು? ತಿಲಾಪಿಯಾದ ಹೆಣ್ಣು ಮೂರು ತಿಂಗಳಿಗೇ ಮೊಟ್ಟೆ ಇಡಲು ಶುರು ಮಾಡುತ್ತದೆ. ಮೊಟ್ಟೆ-ಮರಿಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಆ ಹತ್ತು-ಹದಿನಾಲ್ಕು ದಿನ ಅದು ತಿನ್ನುವುದೇ ಇಲ್ಲ. ಹಾಗಾಗಿ ಹೆಣ್ಣು ಬೆಳೆಯುವುದಿಲ್ಲ, ಅದರ ಮರಿಗಳು ನೀವು ಹಾಕಿದ ಮೇವನ್ನು ಗಂಡಿನ ಬಾಯಿಂದ ಕಸಿಯುತ್ತವೆ. ಮರಿ ಕೇಂದ್ರದಲ್ಲಿ ಮೊದಲ ಮೂರು-ನಾಲ್ಕು ವಾರ ಒಂದು ಕೆ.ಜಿ. ಮೇವಿಗೆ 60 ಮಿಲಿಗ್ರಾಂನಂತೆ ಹಾರ್ಮೋನ್ ಬೆರೆಸಿ ಕೊಟ್ಟು ಮರಿಗಳನ್ನು ಗಂಡಾಗಿಸುತ್ತಾರೆ. ಅದನ್ನು ಮಾಡುವುದು ಕೇಂದ್ರದಲ್ಲಿ ಮಾತ್ರ. ಆ ಪುಡಿಯನ್ನು ಹೊಲಕ್ಕೆ ತಂದು ತಾವೇ ಬೆರೆಸುವುದು ಅಪಾಯ, ಕೆಲಸವೂ ಆಗುವುದಿಲ್ಲ. ಯಾಕೆಂದರೆ ಬೆರಳುದ್ದ ಬಂದ ಮರಿಯ ಲಿಂಗ ಆಗಲೇ ತೀರ್ಮಾನವಾಗಿರುತ್ತದೆ.

ತಂದ ಮರಿ ನಿಜಕ್ಕೂ ಗಂಡೇ ಅಂತ ನೋಡುವುದು ಹೇಗೆ? ಮೀನು 50 ಗ್ರಾಂ ದಾಟಿದ ಮೇಲೆ ಇಪ್ಪತ್ತು-ಮೂವತ್ತು ಹಿಡಿಯಿರಿ. ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊಟ್ಟೆ ಮೇಲೆ ಮಾಡಿ ಹಿಡಿಯಿರಿ. ಗುದದ್ವಾರದ ಹಿಂದೆ ಮಣಿಯಷ್ಟು ಸಣ್ಣ ಉಬ್ಬು ಇರುತ್ತದೆ. ಅದರ ಮೇಲೆ ಜೆನ್ಷನ್ ವಯಲೆಟ್‌ನ ಒಂದು ಹನಿ ಹಚ್ಚಿ ಒರೆಸಿ. ಬಣ್ಣ ಸಂದಿನಲ್ಲಿ ಉಳಿದು ರಂಧ್ರಗಳು ಎದ್ದು ಕಾಣುತ್ತವೆ. ಗಂಡಿನಲ್ಲಿ ಉಬ್ಬು ಚೂಪಾಗಿ, ತುದಿಯಲ್ಲಿ ಒಂದೇ ರಂಧ್ರ. ಹೆಣ್ಣಿನಲ್ಲಿ ಉಬ್ಬು ದುಂಡಗೆ, ನಡುವೆ ಅಡ್ಡಕ್ಕೆ ಒಂದು ಸೀಳು, ಆಚೆ ತುದಿಯಲ್ಲಿ ಇನ್ನೊಂದು ಸಣ್ಣ ರಂಧ್ರ. ಗುದದ್ವಾರವನ್ನೂ ಸೇರಿಸಿ ಎಣಿಸಿದರೆ ಗಂಡಿಗೆ ಎರಡು, ಹೆಣ್ಣಿಗೆ ಮೂರು. ಮೂವತ್ತರಲ್ಲಿ ಒಂದೆರಡು ಹೆಣ್ಣು ಬಂದರೆ ಪರವಾಗಿಲ್ಲ. ಐದಾರು ಬಂದರೆ ಆ ಕೇಂದ್ರದ ಮರಿ ಮುಂದಿನ ವರ್ಷ ಬೇಡ, ಈ ವರ್ಷದ ಮೀನನ್ನೂ ನಾಲ್ಕು ತಿಂಗಳಿಗೇ ತೆಗೆಯಲು ತಯಾರಿ ಮಾಡಿ.

ಇನ್ನು ಎಷ್ಟು ಮರಿ ಅನ್ನುವ ಪ್ರಶ್ನೆ. ಇಲ್ಲೇ ಎಲ್ಲರ ಲೆಕ್ಕವೂ ತಪ್ಪುವುದು. ಹೊಂಡಕ್ಕೆ ಎಷ್ಟು ಮೀನು ಹಿಡಿಸುತ್ತದೆ ಅಂತ ನೋಡಬೇಡಿ. ಹೊಂಡದ ನೀರು ದಿನಕ್ಕೆ ಎಷ್ಟು ಮೇವು ಅರಗಿಸಿಕೊಳ್ಳುತ್ತದೆ ಅಂತ ನೋಡಿ. ಮೀನು ತಿಂದ ಮೇವಿನ ಹೊಲಸು, ಉಳಿದ ಮೇವು, ಎಲ್ಲವೂ ನೀರಿನಲ್ಲೇ ಕೊಳೆಯಬೇಕು. ಕೊಳೆಯಲು ಆಮ್ಲಜನಕ ಬೇಕು. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ, ಮೀನು, ಕೊಳೆ ಮೂರೂ ಸೇರಿ ಹೀರುತ್ತವೆ. ನಸುಕಿನ ನಾಲ್ಕರಿಂದ ಆರರ ತನಕ ನೀರು ಬರಿದಾಗಿರುತ್ತದೆ. ಗಾಳಿಯಂತ್ರ, ಅಂದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಇಲ್ಲದ ನಿಂತ ನೀರು ಹೆಕ್ಟೇರಿಗೆ ದಿನಕ್ಕೆ 30–40 ಕೆ.ಜಿ. ಮೇವಿಗಿಂತ ಹೆಚ್ಚು ತಾಳುವುದಿಲ್ಲ.

ಇದನ್ನು ನಿಮ್ಮ ಹೊಂಡಕ್ಕೆ ಇಳಿಸೋಣ. ಬದಿಯ ಇಳಿಜಾರು ಒಂದಕ್ಕೊಂದು ಇದ್ದರೆ, ಅಂದರೆ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ ಬಂದಿದ್ದರೆ, ತಳ 15 ಮೀಟರ್ ಚೌಕ. ಎರಡೂವರೆ ಮೀಟರ್ ನೀರು ನಿಂತಾಗ ಮೇಲ್ಮೈ 400 ಚದರ ಮೀಟರ್, ಅಂದರೆ ನಾಲ್ಕು ಗುಂಟೆ. ನೀರು ಸುಮಾರು 7.7 ಲಕ್ಷ ಲೀಟರ್. ನಾಲ್ಕು ಗುಂಟೆಗೆ ದಿನದ ಮೇವಿನ ಮಿತಿ ಒಂದೂವರೆ ಕೆ.ಜಿ. ತಿಲಾಪಿಯಾ ಪಾಚಿಯನ್ನೂ ತಿನ್ನುವುದರಿಂದ ಕೊನೆಯ ತಿಂಗಳು ಮೈತೂಕದ ನೂರಕ್ಕೆ ಒಂದೂವರೆ ಪಾಲು ಮೇವು ಸಾಕು. ಅಲ್ಲಿಗೆ ಹೊಂಡ ತಾಳುವ ಮೀನು ನೂರು ಕೆ.ಜಿ. ಆಸುಪಾಸು. 250 ಗ್ರಾಂ ಮೀನು ತೆಗೆಯಬೇಕಾದರೆ ಸಾಯುವುದನ್ನೂ ಕಳೆದು ಐನೂರು ಮರಿ. ಮಾರುವವರು ಹೇಳಿದ ಒಂದು ಟನ್ನಿಗೆ ನೂರಕ್ಕೆ ಎರಡರಂತೆ ದಿನಕ್ಕೆ ಇಪ್ಪತ್ತು ಕೆ.ಜಿ. ಮೇವು ಬೇಕು. ಒಂದೂವರೆ ಅರಗುವ ನೀರಿಗೆ ಇಪ್ಪತ್ತು! ಕೋಳಿ ಕರುಳಾದರೆ ಇನ್ನೂ ಕೆಟ್ಟದ್ದು. ಅದರಲ್ಲಿ ಮೀನು ತಿನ್ನುವುದಕ್ಕಿಂತ ತಳಕ್ಕೆ ಇಳಿದು ಕೊಳೆಯುವುದೇ ಹೆಚ್ಚು. ಪ್ಲಾಸ್ಟಿಕ್ ಹಾಸಿದ ತಳದಲ್ಲಿ ಅದನ್ನು ಅರಗಿಸಲು ಮಣ್ಣೂ ಇಲ್ಲ. ಕರುಳು ಬೇಡವೇ ಬೇಡ.

ಇನ್ನೊಂದು ಲೆಕ್ಕವೂ ಇದೆ. ಬೆಳೆಗೆ ನೀರು ಎತ್ತಿ ಹೊಂಡ ಎರಡೂವರೆ ಮೀಟರ್‌ನಿಂದ ಒಂದು ಮೀಟರಿಗೆ ಇಳಿದರೆ ಅರ್ಧ ನೀರು ಉಳಿಯಿತು ಅಂದುಕೊಳ್ಳುತ್ತಾರೆ. ಬದಿ ಇಳಿಜಾರಾದ್ದರಿಂದ ಉಳಿಯುವುದು 2.6 ಲಕ್ಷ ಲೀಟರ್, ಮೂರನೇ ಒಂದು ಪಾಲು. ಅಷ್ಟೇ ಮೀನು, ಮೂರು ಪಟ್ಟು ಇಕ್ಕಟ್ಟು. ಹೊಂಡದ ಗೋಡೆಗೆ ಒಂದೂವರೆ ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಹಾಕಿಡಿ. ಮೀನು ಇರುವ ತನಕ ಮೋಟಾರು ಆ ಗೆರೆಯ ಕೆಳಗೆ ಎಳೆಯಬಾರದು.

ಹಾಗಾದರೆ ಯಾವಾಗ ಬಿಡಬೇಕು? ಪುನರ್ವಸು ಮಳೆಯ ಹೊತ್ತಿಗೆ, ಜುಲೈ ಮೊದಲ ಪಕ್ಷದಲ್ಲಿ, ಹೊಂಡ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಆಗ 10–15 ಗ್ರಾಂ ತೂಗುವ ಮರಿ ಬಿಟ್ಟರೆ ನವೆಂಬರ್ ಕೊನೆಯ ತನಕ ನೀರು ಬೆಚ್ಚಗಿರುತ್ತದೆ. ಡಿಸೆಂಬರ್‌ನಲ್ಲಿ ನೀರು 20ಕ್ಕೆ ಇಳಿಯುತ್ತಿದ್ದಂತೆ ತಿಲಾಪಿಯಾ ಬೆಳೆಯುವುದನ್ನು ನಿಲ್ಲಿಸುತ್ತದೆ. ಆ ಮೇಲೆ ಹಾಕಿದ ಮೇವು ನೀರು ಕೆಡಿಸುವುದಕ್ಕೆ ಮಾತ್ರ. ಒಂದು ಗ್ರಾಮಿನ ಮರಿ ಅಗ್ಗ ಅಂತ ತಂದರೆ ಬೆಚ್ಚಗಿನ ಐದು ತಿಂಗಳಲ್ಲಿ ಒಂದೂವರೆ ತಿಂಗಳು ಅದನ್ನು ಬೆರಳುದ್ದ ಮಾಡುವುದರಲ್ಲೇ ಹೋಗುತ್ತದೆ.

ಬಿಡುವ ಮೊದಲು ನಮ್ಮ ಭಾಗದ ದೊಡ್ಡ ಅಪಾಯವೊಂದನ್ನು ಹೇಳಲೇಬೇಕು. ನಿಮ್ಮ ಹೊಂಡಕ್ಕೆ ಬರುವುದು ಹೊಲದ ಮೇಲೆ ಹರಿದ ನೀರು. ಹತ್ತಿ, ಮೆಣಸಿನಕಾಯಿ, ಗೋವಿನಜೋಳಕ್ಕೆ ಔಷಧಿ ಹೊಡೆಯುವ ಕಾಲವೂ ಇದೇ. ಲ್ಯಾಂಬ್ಡಾ ಸೈಹಾಲೋಥ್ರಿನ್, ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲೇ ಮೀನು ಕೊಲ್ಲುತ್ತವೆ. ಸಂಜೆ ಹೊಡೆದ ಔಷಧಿ, ರಾತ್ರಿ ಸುರಿದ ಮಳೆ, ಬೆಳಿಗ್ಗೆ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುವ ಮೀನು. ರೋಗ ಬಂತು ಅಂತ ಔಷಧಿ ಹುಡುಕುತ್ತಾರೆ, ರೋಗ ಅಲ್ಲ ಅದು. ರೋಗದಲ್ಲಿ ದಿನಕ್ಕೆ ನಾಲ್ಕು, ಹತ್ತು, ಇಪ್ಪತ್ತು ಅಂತ ಸಾಯುತ್ತವೆ. ವಿಷದಲ್ಲಿ ಒಂದೇ ರಾತ್ರಿ, ಸಣ್ಣದು ದೊಡ್ಡದು ಅನ್ನದೆ, ಕಪ್ಪೆಮರಿ ನೀರುಹುಳು ಕೂಡ ಸೇರಿ ಸಾಯುತ್ತವೆ. ಅದಕ್ಕೇ ಮರಿ ಬಿಟ್ಟ ಮೇಲೆ ಹೊಲದ ನೀರು ಒಳಬರುವ ಬಾಯಿಯನ್ನು ಮಣ್ಣು ತುಂಬಿದ ಚೀಲದಿಂದ ಮುಚ್ಚಿ, ಪಕ್ಕದಲ್ಲಿ ಹಳ್ಳಕ್ಕೆ ಹೋಗುವ ಕಾಲುವೆ ತೆಗೆಯಿರಿ. ಆ ಮೇಲೆ ಆಕಾಶದಿಂದ ನೇರ ಬಿದ್ದ ಮಳೆ ಮತ್ತು ಬೋರ್ ನೀರು ಮಾತ್ರ. ಸ್ಪ್ರೇಯರ್ ಕ್ಯಾನನ್ನು ಹೊಂಡದಲ್ಲಿ ಅದ್ದುವುದು, ತೊಳೆಯುವುದು ಯಾರಿಗೂ ಬಿಡಬೇಡಿ. ಮರಿ ತರುವ ಹಿಂದಿನ ದಿನ ಹತ್ತು ಸಣ್ಣ ಮೀನನ್ನು ಸೊಳ್ಳೆ ಪರದೆಯ ಚೀಲದಲ್ಲಿ ಕಟ್ಟಿ ಹೊಂಡದಲ್ಲಿ ಇಳಿಬಿಡಿ. 24 ತಾಸು ಬದುಕಿದರೆ ನೀರು ಸುರಕ್ಷಿತ.

ನೀರಿನ ಸವಳು ನಿಮಗೆ ತೊಂದರೆಯಲ್ಲ, ಅನುಕೂಲ. ನವಲಗುಂದ, ರೋಣ, ಗದಗ ಕಡೆಯ ಎರೆ ಭೂಮಿಯ ಬೋರ್‌ಗಳಲ್ಲಿ ಬೆಳೆಗೆ ಹೊಂದದಷ್ಟು ಉಪ್ಪಿದ್ದರೂ ತಿಲಾಪಿಯಾ ಆರಾಮಾಗಿ ಬೆಳೆಯುತ್ತದೆ. ಕಾಟ್ಲಾ, ರೋಹುವಿಗಿಂತ ಅದು ಉಪ್ಪನ್ನು ಬಹಳ ಹೆಚ್ಚು ತಾಳುತ್ತದೆ. ಆದರೆ ಅಂಥ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಮೊದಲೇ 8ರ ಮೇಲಿರುತ್ತದೆ. ಮೀನು ಹೊಂಡ ಅಂದಕೂಡಲೇ ಸುಣ್ಣ ಹಾಕುವುದು ಕೆಂಪು ಮಣ್ಣಿನ, ಮಲೆನಾಡಿನ ಹುಳಿ ನೀರಿನ ಪದ್ಧತಿ. ಪ್ಲಾಸ್ಟಿಕ್ ಹಾಸಿದ, ಸವಳು ನೀರಿನ ನಿಮ್ಮ ಹೊಂಡಕ್ಕೆ ಸುಣ್ಣ ಹಾಕಿದರೆ ಕೇಡು ಕೈಯಾರೆ ತಂದುಕೊಂಡಂತೆ. ಕಾರಣ ಹೀಗಿದೆ. ಸುಣ್ಣ ಪಿಎಚ್ ಏರಿಸುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. 8ರಲ್ಲಿ ಆರೇಳು. 9ರಲ್ಲಿ ನಲವತ್ತು. ನೀರು ದಟ್ಟ ಹಸಿರಾದ ಹೊಂಡದಲ್ಲಿ ಬಿಸಿಲಿನ ಮಧ್ಯಾಹ್ನ ಪಿಎಚ್ 9 ಮುಟ್ಟುವುದು ಅಪರೂಪವಲ್ಲ. ಬೆಳಿಗ್ಗೆ ಉಸಿರುಕಟ್ಟಿ ಸಾಯುವ ಮೀನಿನಂತೆಯೇ ಮಧ್ಯಾಹ್ನ ಮೇವು ಬಿಟ್ಟು ಮಂಕಾಗುವ ಮೀನಿಗೂ ಕಾರಣ ಹೆಚ್ಚಾದ ಮೇವೇ. ಪಿಎಚ್ ಕಾಗದವನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅದ್ದಿ ನೋಡಿ. ಬೆಳಗಿನ ಅಂಕಿಯೊಂದನ್ನೇ ನಂಬಿ ಕೂರಬೇಡಿ.

ಹಸಿರು ಎಷ್ಟಿರಬೇಕು ಅನ್ನುವುದಕ್ಕೆ ಒಂದು ಸ್ಟೀಲ್ ತಟ್ಟೆಗೆ ಹಗ್ಗ ಕಟ್ಟಿ ಇಳಿಬಿಡಿ. ಒಂದರಿಂದ ಒಂದೂಕಾಲು ಅಡಿಯಲ್ಲಿ ತಟ್ಟೆ ಕಣ್ಮರೆಯಾದರೆ ಸರಿ. ಎರಡಡಿ ಕಂಡರೆ ನೀರು ಬಡವಾಗಿದೆ. ಗೋಣಿಚೀಲದಲ್ಲಿ ಹತ್ತು ಕೆ.ಜಿ. ಹಸಿ ಸಗಣಿ ತುಂಬಿ ಮೂಲೆಯಲ್ಲಿ ಇಳಿಬಿಡಿ, ವಾರ ಬಿಟ್ಟು ನೋಡಿ. ಮುಕ್ಕಾಲು ಅಡಿಗೇ ಮಾಯವಾದರೆ ಮೇವು ಅರ್ಧ ಮಾಡಿ, ತಳದ ನೀರನ್ನು ನಾಲ್ಕೈದು ದಿನಗಳಲ್ಲಿ ಐದನೇ ಒಂದು ಪಾಲು ಬೆಳೆಗೆ ಎತ್ತಿ ಹೊಸ ನೀರು ತುಂಬಿ. ಮೋಟಾರಿನ ನೀರೆಳೆಯುವ ಪೈಪು ಮೇಲೆ ತೇಲಿಸಬೇಡಿ, ತಳದ ಹತ್ತಿರ ಇರಲಿ, ಹೊಲಸಿರುವುದು ಅಲ್ಲೇ. ತೊಗರಿಗೋ ತರಕಾರಿಗೋ ಅದು ಒಳ್ಳೆಯ ಗೊಬ್ಬರ. ಬೋರ್ ತೀರಾ ಸವಳಾಗಿದ್ದರೆ ಮಾತ್ರ ಹೊಂಡದ ನೀರಿನ ಉಪ್ಪನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ಆಮೇಲೆ ಬೆಳೆಗೆ ಬಿಡಿ. ನಿಮಗೆ ಹನುಮನಮಟ್ಟಿಯ ಕೇಂದ್ರ ಹತ್ತಿರ.

ಮರಿ ಬಂದ ದಿನ ಚೀಲ ಒಡೆದು ಸುರಿಯಬೇಡಿ. ಬೆಳಿಗ್ಗೆ ಅಥವಾ ಸಂಜೆ, ಚೀಲವನ್ನು ಮುಚ್ಚಿದಂತೆಯೇ ಇಪ್ಪತ್ತು ನಿಮಿಷ ನೀರ ಮೇಲೆ ತೇಲಿಸಿ. ಬಾಯಿ ಬಿಚ್ಚಿ ಹೊಂಡದ ನೀರನ್ನು ಚೊಂಬು ಚೊಂಬಾಗಿ ಮತ್ತೆ ಇಪ್ಪತ್ತು ನಿಮಿಷ ಬೆರೆಸಿ. ಸವಳು ನೀರಾದ್ದರಿಂದ ಈ ಎರಡನೇ ಇಪ್ಪತ್ತು ನಿಮಿಷ ನಿಮಗೆ ಬಹಳ ಮುಖ್ಯ. ಹತ್ತು ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿ, ಮರಿಗಳನ್ನು ಬಲೆಯಲ್ಲಿಟ್ಟು ಒಂದು ನಿಮಿಷ ಅದ್ದಿ ತೆಗೆದರೆ ಮೈಗಂಟಿದ ಪರಾವಲಂಬಿಗಳು ಉದುರುತ್ತವೆ. ಆಮೇಲೆ ಹೊಂಡದೊಳಗೇ ಕಟ್ಟಿದ ಹಾಪಾದಲ್ಲಿ, ಅಂದರೆ ಸಣ್ಣ ಕಣ್ಣಿನ ಬಲೆಯ ತೊಟ್ಟಿಯಲ್ಲಿ, ಎರಡು ದಿನ ಇಟ್ಟು ಸತ್ತದ್ದನ್ನು ಎಣಿಸಿ. ಇಲ್ಲದಿದ್ದರೆ ಮುಂದಿನ ಐದು ತಿಂಗಳು ಇಲ್ಲದ ಮೀನಿಗೆ ಮೇವು ಹಾಕುತ್ತಿರುತ್ತೀರಿ.

ಮೇವು ತೇಲುವ ಗುಳಿಗೆಯದೇ ಇರಲಿ. ಮೀನು ತಿಂದದ್ದು ಕಣ್ಣಿಗೆ ಕಾಣುತ್ತದೆ, ಅದೇ ದೊಡ್ಡ ಲಾಭ. ಶುರುವಿಗೆ ನೂರಕ್ಕೆ 32 ಪಾಲು ಪ್ರೋಟೀನಿನ 1.5–2 ಮಿಲಿಮೀಟರ್ ಗುಳಿಗೆ, 100 ಗ್ರಾಂ ದಾಟಿದ ಮೇಲೆ 28 ಪಾಲಿನ 3–4 ಮಿಲಿಮೀಟರ್. ಐನೂರು ಮರಿಗೆ ಮೊದಲ ವಾರ ದಿನಕ್ಕೆ 350 ಗ್ರಾಂ, ತಿಂಗಳ ಕೊನೆಗೆ 600, ಎರಡನೇ ತಿಂಗಳ ಕೊನೆಗೆ 900, ಮೂರನೆಯದರ ಕೊನೆಗೆ ಒಂದೂಕಾಲು ಕೆ.ಜಿ., ಆಮೇಲೆ ಮೀನು ಎಷ್ಟೇ ಹಸಿದಂತೆ ಕಂಡರೂ ಒಂದೂವರೆ ಕೆ.ಜಿ. ದಾಟಬೇಡಿ. ಬೆಳಿಗ್ಗೆ ಒಂಬತ್ತರ ಮೇಲೆ ಒಮ್ಮೆ, ಸಂಜೆ ನಾಲ್ಕರ ಒಳಗೆ ಒಮ್ಮೆ. ನಸುಕಿಗೆ ಹಾಕಿದರೆ ನೀರಿನಲ್ಲಿ ಆಮ್ಲಜನಕ ಇಲ್ಲದ ಹೊತ್ತಿಗೆ ಹೊಟ್ಟೆ ತುಂಬಿಸಿದಂತೆ. ಹದಿನೈದು ನಿಮಿಷದಲ್ಲಿ ತಿಂದು ಮುಗಿಸದಿದ್ದರೆ ಮುಂದಿನ ಹೊತ್ತಿಗೆ ಕಡಿಮೆ ಮಾಡಿ. ಹದಿನೈದು ದಿನಕ್ಕೊಮ್ಮೆ ಮೂವತ್ತು ಮೀನು ಹಿಡಿದು, ನೀರಿರುವ ಬಕೆಟ್‌ನ ತೂಕ ಮೊದಲು ನೋಡಿ, ಮೀನು ಹಾಕಿ ಮತ್ತೆ ತೂಗಿ, ವ್ಯತ್ಯಾಸವನ್ನು ಮೂವತ್ತರಿಂದ ಭಾಗಿಸಿ ಬರೆದಿಡಿ.

ಆಶ್ಲೇಷಾ-ಮಘಾ ಮಳೆಯ ಜಿಟಿಜಿಟಿಯಲ್ಲಿ ಮೂರು-ನಾಲ್ಕು ದಿನ ಸೂರ್ಯ ಕಾಣದಿದ್ದರೆ ಪಾಚಿ ಹಗಲಿನಲ್ಲೂ ಸಾಕಷ್ಟು ಆಮ್ಲಜನಕ ಕೊಡುವುದಿಲ್ಲ. ಆ ದಿನಗಳಲ್ಲಿ ಮೇವು ಪೂರ್ತಿ ನಿಲ್ಲಿಸಿ, ತಿಲಾಪಿಯಾಕ್ಕೆ ಏನೂ ಆಗುವುದಿಲ್ಲ. ನಸುಕಿಗೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ, ಕಾಲಿನ ಸಪ್ಪಳಕ್ಕೂ ಕೆಳಗೆ ಓಡದಿದ್ದರೆ, ನಿಮಗಿರುವುದು ಒಂದೆರಡು ತಾಸು. ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಹಂಚಿ ಸುರಿಸಿ. ಬೋರ್ ನೀರನ್ನು ಪೈಪಿನಿಂದ ನೇರ ಬಿಡುವುದು ಎಲ್ಲರೂ ಮಾಡುವ ತಪ್ಪು. ನೆಲದಾಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ತೂತು ಮಾಡಿದ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಒಂದರ ಮೇಲೊಂದು ಮೂರು ಇಟ್ಟು, ಅದರ ಮೂಲಕ ಹನಿ ಹನಿಯಾಗಿ ಬೀಳುವಂತೆ ಮಾಡಿದರೆ ಅದೇ ನೀರು ಜೀವ ಉಳಿಸುತ್ತದೆ.

ಗಾಳಿಯಂತ್ರ ಹಾಕಿ ಹೆಚ್ಚು ಸಾಕಬಾರದೇ? ಸಾಕಬಹುದು. ಒಂದು ಎಚ್‌ಪಿ ಯಂತ್ರ ಇದ್ದರೆ ನಿಮ್ಮ ಹೊಂಡ ದಿನಕ್ಕೆ ನಾಲ್ಕು ಕೆ.ಜಿ. ಮೇವು ತಾಳುತ್ತದೆ. 1,300 ಮರಿ ಬಿಟ್ಟು 275 ಕೆ.ಜಿ. ಹತ್ತಿರ ತೆಗೆಯಬಹುದು. ಆದರೆ ಪಂಪ್‌ಸೆಟ್ ಲೈನಿಗೆ ತ್ರೀಫೇಸ್ ಬರುವುದು ಏಳು ತಾಸು, ಅದೂ ಯಾವ ಹೊತ್ತಿಗೆ ಅನ್ನುವುದು ವಾರ ವಾರ ಬದಲು. ಮೀನಿಗೆ ಬೇಕಿರುವುದು ನಸುಕಿನ ಎರಡರಿಂದ ಆರು. ಅದಕ್ಕೇ ಸಿಂಗಲ್ ಫೇಸ್ ಯಂತ್ರ ಬೇಕು, ಅದೂ ಕೈಕೊಟ್ಟಾಗ ಒಂದು ಡೀಸೆಲ್ ಪಂಪೂ ಇರಬೇಕು. ಇವೆರಡೂ ಇಲ್ಲದೆ 1,300 ಬಿಟ್ಟರೆ ಒಂದು ರಾತ್ರಿಯ ಕರೆಂಟ್ ಕಡಿತಕ್ಕೆ ಇಡೀ ವರ್ಷದ ದುಡ್ಡು ಇಟ್ಟಂತೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ, ನಿಮ್ಮೂರಿನ ದರ ಸೇರಿಸಿಕೊಳ್ಳಿ. ಮರಿಗೆ 4 ರೂಪಾಯಿ, ಮೇವು ಕೆ.ಜಿ.ಗೆ 50 ರೂಪಾಯಿ ಅಂತ ಹಿಡಿಯೋಣ. ಐನೂರು ಮರಿಗೆ 2,000, ಮೇವು 140 ಕೆ.ಜಿ.ಗೆ 7,000, ಒಟ್ಟು 9,000. ಮೀನು 105 ಕೆ.ಜಿ. ವ್ಯಾಪಾರಿಗೆ 120ರಂತೆ ಕೊಟ್ಟರೆ 12,600, ಉಳಿಯುವುದು 3,600. ಹೊಂಡದ ದಂಡೆಯಲ್ಲೇ ಜೀವಂತ ಮೀನು 160ರಂತೆ ಮಾರಿದರೆ 16,800, ಉಳಿಯುವುದು 7,800. ಯಂತ್ರ ಹಾಕಿದ ಲೆಕ್ಕದಲ್ಲಿ ಮರಿ 5,200, ಮೇವು 18,000, ಕೊನೆಯ ಎರಡೂವರೆ ತಿಂಗಳ ಕರೆಂಟ್ 340 ಯೂನಿಟ್‌ಗೆ 7 ರೂಪಾಯಿಯಂತೆ 2,400, ಒಟ್ಟು 25,600. ವ್ಯಾಪಾರಿಗೆ ಕೊಟ್ಟರೆ 7,400, ದಂಡೆಯಲ್ಲೇ ಮಾರಿದರೆ 18,400 ಉಳಿಯುತ್ತದೆ, ಯಂತ್ರದ ಬೆಲೆ ಬೇರೆ. ಯಂತ್ರವಿಲ್ಲದೆ ದಂಡೆಯಲ್ಲಿ ಮಾರಿದವನಿಗೂ ಯಂತ್ರ ಹಾಕಿ ವ್ಯಾಪಾರಿಗೆ ಕೊಟ್ಟವನಿಗೂ ಉಳಿಯುವುದು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮೊದಲ ವರ್ಷ ಯಂತ್ರಕ್ಕಿಂತ ಗಿರಾಕಿ ಹುಡುಕಿ. ಶ್ರಾವಣ ಕಳೆದ ಮೇಲೆ ಸುತ್ತಲ ನಾಲ್ಕು ಹಳ್ಳಿಗೆ, ಖಾನಾವಳಿಗಳಿಗೆ, ಭಾನುವಾರ ಇಂಥ ಹೊತ್ತಿಗೆ ಜೀವಂತ ಮೀನು ಸಿಗುತ್ತದೆ ಅಂತ ತಿಳಿಸಿಡಿ.

ನವೆಂಬರ್ ಮಧ್ಯದಿಂದ 250 ಗ್ರಾಂ ದಾಟಿದ್ದನ್ನು ಆಯ್ದು ವಾರಕ್ಕೆ ಇಪ್ಪತ್ತು-ಮೂವತ್ತು ಕೆ.ಜಿ.ಯಂತೆ ತೆಗೆಯಿರಿ. ದೊಡ್ಡದು ಹೊರಬಿದ್ದಂತೆ ಸಣ್ಣದಕ್ಕೆ ಜಾಗವಾಗುತ್ತದೆ. ಹಿಡಿಯುವ ಹಿಂದಿನ ದಿನ ಮೇವು ಬೇಡ. ಮೀನಿನ ಕರಿಯಲ್ಲಿ ಕೆಸರಿನ ವಾಸನೆ ಅಂತ ಗಿರಾಕಿ ಒಮ್ಮೆ ಹೇಳಿದರೆ ಮತ್ತೆ ಬರುವುದಿಲ್ಲ. ಅದು ನೀಲಿ-ಹಸಿರು ಪಾಚಿಯಿಂದ ಮಾಂಸಕ್ಕೆ ಇಳಿದ ವಾಸನೆ. ಮೊದಲು ಒಂದು ಮೀನು ಬೇಯಿಸಿ ನೋಡಿ, ವಾಸನೆ ಇದ್ದರೆ ಮಾರುವಷ್ಟು ಮೀನನ್ನು ತೊಟ್ಟಿಯ ತಿಳಿ ನೀರಿನಲ್ಲಿ, ನೀರು ಬದಲಿಸುತ್ತಾ ಮೂರರಿಂದ ಐದು ದಿನ ಉಪವಾಸ ಇಡಿ.

ನೀರುಕಾಗೆಗಳ ಕಾಟಕ್ಕೆ ಹೊಂಡದ ಮೇಲೆ ಬಲೆ ಹಾಕಲೇಬೇಕು. ಸುತ್ತ ಬೇಲಿಯೂ ಬೇಕು. ಒದ್ದೆ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಜಾರಿದರೆ ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ತಳದ ತನಕ ಇಳಿಬಿಡಿ, ಒಂದು ಬದಿಗೆ ಹಳೆಯ ಟೈರುಗಳನ್ನು ಏಣಿಯಂತೆ ಜೋಡಿಸಿ. ಮರಿ ತರುವ ಮೊದಲೇ ಇದು ಮುಗಿದಿರಲಿ, ಯಾಕೆಂದರೆ ಹೊಂಡಕ್ಕೆ ಮೀನು ಬಂತು ಅಂದರೆ ನೋಡಲು ಮೊದಲು ಓಡಿ ಬರುವುದು ಮಕ್ಕಳು.